ಬಷೀರ್ ಸಾಬರ ಗೋಡೆಗೆ ಕಲಸಿದ ಬಣ್ಣ

ಬಣ್ಣದ ಅಂಗಡಿಯ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಣ್ಣ ಆರಿಸಲು ಬರುವ ಗಂಡ ಹೆಂಡತಿ ಮನೆಯಲ್ಲಿ ಶುರುವಾದ ಜಗಳವನ್ನು ಅರ್ಧಕ್ಕೆ ನಿಲ್ಲಿಸಿ ಬಸ್ಸು ಹತ್ತಿರುತ್ತಾರೆ. ಉಳಿದರ್ಧ ನಿಮ್ಮ ಕೌಂಟರಿನ ಮುಂದೆ ನಡೆಯುತ್ತದೆ. ಆಗ ಯಾರ ಪಕ್ಷವನ್ನೂ ವಹಿಸದೆ ಡಬ್ಬಗಳ ಧೂಳು ಒರೆಸುತ್ತಾ ನಿಂತುಕೊಳ್ಳಿ. ಗಂಡ "ನಿನ್ನಿಷ್ಟ ಬಂದಂಗೆ ಮಾಡ್ಕೊ" ಎಂದು ಬೀಡಿ ಹಚ್ಚಲು ಹೊರಗೆ ಹೋದ ಮೇಲೆ ಶೇಡ್ ಕಾರ್ಡ್ ಬಿಚ್ಚಿ. ರಾಮನಗರದ ಒಂದು ಬಣ್ಣದ ಅಂಗಡಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಿಂತು ನಾನು ಕಲಿತ ವ್ಯಾಪಾರದ ಗುಟ್ಟು ಇಷ್ಟೇ.

ನನ್ನ ಹೆಸರು ಕೃಷ್ಣಪ್ಪ. ಬ್ರಷ್ ಹಿಡಿದು ಗೋಡೆ ಹತ್ತುವ ಕೆಲಸ ನನ್ನದಾಗಿರಲಿಲ್ಲ. ನಾನು ಬಣ್ಣ ಕಲಸುವವನು. ಈಗಿನವರಿಗೆ ಅಂಥದ್ದೊಂದು ಕೆಲಸ ಇತ್ತೆಂದೇ ಗೊತ್ತಿರಲಿಕ್ಕಿಲ್ಲ. ಗಿರಾಕಿ ತನಗೆ ಬೇಕಾದ ಬಣ್ಣದ ಏನಾದರೊಂದು ಚೂರು ತರುತ್ತಿದ್ದ. ನಾನು ಬಿಳಿ ಬಣ್ಣದ ಡಬ್ಬ ತೆರೆದು, ಸ್ಟೇನರ್ ಎನ್ನುವ ಗಟ್ಟಿ ಬಣ್ಣದ ಪುಟ್ಟ ಬಾಟಲಿಗಳಿಂದ ತೊಟ್ಟು ತೊಟ್ಟಾಗಿ ಬಿಟ್ಟು, ಕೋಲಿನಲ್ಲಿ ತಿರುವಿ, ಆ ಚೂರಿನ ಬಣ್ಣವನ್ನೇ ಡಬ್ಬದಲ್ಲಿ ಬರಿಸಿ ಕೊಡಬೇಕಿತ್ತು. ನಮ್ಮಪ್ಪ ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡುತ್ತಿದ್ದವರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಅವರು ಬಣ್ಣ ಹಿಡಿಸುವುದನ್ನು ನೋಡುತ್ತಲೇ ನಾನು ಬೆಳೆದೆ. ಯಾವ ಕೆಂಪಿನಲ್ಲಿ ಎಷ್ಟು ಹಳದಿ ಅಡಗಿದೆ ಎಂದು ನೋಡಿದ ಕೂಡಲೇ ಹೇಳುವ ಕಣ್ಣು ಅಲ್ಲಿಂದ ಬಂದದ್ದು. ಆ ಕಣ್ಣೇ ನನ್ನ ಅನ್ನ. ಸ್ವಲ್ಪ ಜಂಬವೂ ಇತ್ತು. ಸ್ವಲ್ಪ ಏನು, ಸಾಕಷ್ಟೇ ಇತ್ತು.

ನಾನು ಸೇರಿದ ಹೊಸದರಲ್ಲಿ ಹಳ್ಳಿ ಮನೆಗಳಿಗೆ ಆರಿಸುವಂಥದ್ದು ಹೆಚ್ಚೇನೂ ಇರಲಿಲ್ಲ. ಗೋಡೆಗೆ ಒಂದಿಷ್ಟು ನೀಲಿ ಬೆರೆಸಿದ ಸುಣ್ಣ, ಕೆಳಗೆ ಮೊಳದೆತ್ತರ ಕೆಮ್ಮಣ್ಣಿನ ಪಟ್ಟಿ, ಬಾಗಿಲು ಕಿಟಕಿಗೆ ಹಸಿರು ಆಯಿಲ್ ಪೇಂಟ್. ಆಮೇಲೆ ಡಿಸ್ಟೆಂಪರ್ ಬಂತು, ಅದರ ಹಿಂದೆ ಎಮಲ್ಷನ್ ಬಂತು, ಶೇಡ್ ಕಾರ್ಡುಗಳು ಬಂದವು. ಆದರೆ ನಮ್ಮ ಜನ ಕಾರ್ಡು ನೋಡಿ ಬಣ್ಣ ಹೇಳುತ್ತಿರಲಿಲ್ಲ. ಹಲಸಿನ ತೊಳೆ ಬಣ್ಣ ಕೊಡಿ ಅನ್ನುವರು, ಹುರುಳಿಕಾಳಿನ ಬಣ್ಣ ಕೊಡಿ ಅನ್ನುವರು. ಕುದೂರಿನಿಂದ ಒಬ್ಬಾಕೆ ತನ್ನ ಮದುವೆ ಸೀರೆಯನ್ನೇ ತಂದು ಕೌಂಟರಿನ ಮೇಲೆ ಹರಡಿ, ಕಿಟಕಿ ಸರಳಿಗೆ ಅಂಚಿನ ಬಣ್ಣ, ಗೋಡೆಗೆ ಒಡಲಿನ ಬಣ್ಣ ಎಂದು ಬೆರಳಿಟ್ಟು ತೋರಿಸಿದ್ದಳು. ಆ ಮನೆ ಬಹಳ ಚೆನ್ನಾಗಿ ಬಂತು.

ಮಾಗಡಿ ಕಡೆಯ ಮೇಷ್ಟ್ರೊಬ್ಬರು ಬರಿಗೈಯಲ್ಲಿ ಬಂದು, "ಹಾಲ್‌ಗೆ ಸಾವನದುರ್ಗದ ಬಂಡೆ ಬಣ್ಣ ಆಗ್ಬೇಕು" ಎಂದರು.

"ಬಿಸ್ಲು ಬಿದ್ದಾಗ್ಲದೋ, ಮಳೆ ಬಿದ್ದಾಗ್ಲದೋ ಮೇಷ್ಟ್ರೇ?" ಎಂದು ನಾನು ಕಾಲೆಳೆದೆ.

ಅವರು ಗಂಭೀರವಾಗಿ ಯೋಚಿಸಿ, "ಸಂಜೆ ಆರು ಗಂಟೇದು ಕೊಡಿ" ಎಂದರು. ಆ ಭಾನುವಾರ ನಾನೇ ಮಾಗಡಿಗೆ ಹೋಗಿ ಆರು ಗಂಟೆಯತನಕ ಬಂಡೆ ನೋಡುತ್ತಾ ಕೂತು ಬಂದೆ. ಬೂದಿಗೆ ಒಂದು ತೊಟ್ಟು ಗುಲಾಬಿ ಬೆರೆಸಿದ ಮೇಲೆ ಆ ಬಣ್ಣ ಸಿಕ್ಕಿತು.

ಎಡವಟ್ಟುಗಳೂ ಆದವು. ಕೂಟಗಲ್ಲಿನ ಅಣ್ಣ ತಮ್ಮಂದಿರು ಮನೆ ಪಾಲು ಮಾಡಿಕೊಂಡು ಬಣ್ಣಕ್ಕೆ ಬಂದಿದ್ದರು. ಕೋಣೆಗಳ ಬಣ್ಣ ಅವರವರೇ ಆರಿಸಿಕೊಂಡರು. ಮುಂಬಾಗಿಲು ಮಾತ್ರ ಇಬ್ಬರಿಗೂ ಸೇರಿದ್ದು. ಅಣ್ಣನಿಗೆ ಹಸಿರು ಬೇಕು, ತಮ್ಮನಿಗೆ ನೀಲಿ ಬೇಕು. ಎರಡು ಕದದ ಬಾಗಿಲಲ್ಲವೇ, ಒಂದೊಂದು ಕದಕ್ಕೆ ಒಂದೊಂದು ಹೊಡೆಸಿ ಎಂದು ನಾನು ಭಾರಿ ಬುದ್ಧಿವಂತನಂತೆ ಹೇಳಿದೆ. ಹಾಗೇ ಹೊಡೆಸಿದರು. ವಾರದೊಳಗೆ ಅವರ ತಾಯಿ ಇಬ್ಬರು ಮಕ್ಕಳನ್ನೂ ಹಿಂದಿಟ್ಟುಕೊಂಡು ಅಂಗಡಿಗೆ ಬಂದರು.

"ಯಾವನ್ಲಾ ಅವ್ನು, ನನ್ನ ಬಾಗ್ಲನ್ನೂ ಪಾಲು ಮಾಡ್ದೋನು? ಇವು ದಡ್ಡ ನನ್ಮಕ್ಳು, ನಿಂಗೆ ಬುದ್ಧಿ ಬ್ಯಾಡ್ವಾ? ನಾನಿರೋಗಂಟ ಬಾಗ್ಲು ಒಂದೇ ಕಣಪ್ಪ. ಎರಡೂ ಅಲ್ಲದ್ದು ಒಂದು ಬಣ್ಣ ಕೊಡು."

ನಾನು ತಲೆ ತಗ್ಗಿಸಿಕೊಂಡು ಕಾವಿ ಬಣ್ಣದ ಡಬ್ಬ ಕೊಟ್ಟೆ. ಗೋಡೆ ಕೋಣೆಯವರದ್ದಾದರೆ ಬಾಗಿಲು ಚೌಕಟ್ಟು ಮನೆಯವರೆಲ್ಲರದ್ದು, ಅದನ್ನು ಕೊನೆಗೆ ಆರಿಸಿ, ಹಿರಿಯರನ್ನು ಕೇಳಿ ಆರಿಸಿ ಎಂದು ಅಂದಿನಿಂದ ಎಲ್ಲರಿಗೂ ಹೇಳತೊಡಗಿದೆ.

ನಮ್ಮ ಧಣಿ ನಾಗರಾಜಪ್ಪನವರ ದಾರಿ ಬೇರೆ. ಡಬ್ಬ ಹಾಳಾದರೆ ಅವರು ಕಂಗಾಲಾಗುತ್ತಿರಲಿಲ್ಲ. ನಾನೊಮ್ಮೆ ಲೆಕ್ಕ ತಪ್ಪಿ ದೊಡ್ಡ ಡ್ರಮ್ಮಿಗೆ ನೇರಳೆ ಜಾಸ್ತಿ ಸುರಿದುಬಿಟ್ಟೆ. "ಸುಮ್ಕಿರಯ್ಯ" ಎಂದವರೇ, ಮುಂದೆ ಬಂದ ಗಿರಾಕಿಗೆಲ್ಲ, "ಈಗ ಬೆಂಗ್ಳೂರಲ್ಲಿ ಎಲ್ಲಿ ನೋಡಿದ್ರೂ ಇದೇಯ" ಎಂದು ಮಾರಿದರು. ಆ ವರ್ಷ ನಮ್ಮ ಪಕ್ಕದ ಬೀದಿಯ ಐದು ಮನೆ ಬದನೆಕಾಯಿ ಬಣ್ಣದಲ್ಲಿ ನಿಂತಿದ್ದವು. ನಾನು ಆ ಬೀದಿಯಲ್ಲಿ ಓಡಾಡುವುದನ್ನು ಬಿಟ್ಟೆ.

ಆಮೇಲೆ ಯಂತ್ರ ಬಂತು. ಕಂಪ್ಯೂಟರಿನಲ್ಲಿ ನಂಬರು ಒತ್ತಿದರೆ ಸೂಜಿಯಂಥ ನಳಿಗೆಗಳಿಂದ ಡಬ್ಬಕ್ಕೆ ಬಣ್ಣ ಬೀಳುವ ಯಂತ್ರ. ಅದನ್ನು ನಡೆಸಲು ಧಣಿಯ ತಂಗಿ ಶಾರದಮ್ಮ ಕಲಿತರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದು ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದ ನಲವತ್ತು ದಾಟಿದ ಹೆಂಗಸು. ಕಂಪನಿಯವರು ಎರಡು ದಿನ ಹೇಳಿಕೊಟ್ಟು ಹೋದರು, ಮೂರನೇ ದಿನಕ್ಕೆ ಆಕೆ ಯಂತ್ರವನ್ನು ತಮ್ಮ ಹಸುವಿನ ಹಾಗೆ ಪಳಗಿಸಿಕೊಂಡಿದ್ದರು.

ನನಗೆ ಅದನ್ನು ಸಹಿಸಲಾಗಲಿಲ್ಲ. "ಏನಮ್ಮ, ಇವತ್ತು ನಿಮ್ಮ ಯಂತ್ರ ಕಾಫಿ ಕುಡೀತಾ?" ಎಂದು ದಿನವೂ ರೇಗಿಸುತ್ತಿದ್ದೆ.

"ಕುಡೀತು ಕಣಣ್ಣ. ನಿಮ್ಮಂಗೆ ಸಕ್ಕರೆ ಕಮ್ಮಿ ಅಂತ ತಕರಾರು ಮಾಡ್ಲಿಲ್ಲ" ಎನ್ನುವರು.

ಆದರೂ ಹಳೇ ಗಿರಾಕಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಚೂರು ತಂದವರಿಗೆ ನಾನು, ನಂಬರು ಹೇಳಿದವರಿಗೆ ಶಾರದಮ್ಮ ಎಂದು ಕೆಲಸ ತಾನಾಗಿ ಹಂಚಿಹೋಯಿತು. ಬೆಳಿಗ್ಗೆ ನಾನು ಕಲಸಿಟ್ಟು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತಿದ್ದೆ. ಸಂಜೆ ಪೇಂಟರುಗಳು ಬಂದು ಡಬ್ಬ ಒಯ್ಯುತ್ತಿದ್ದರು. ಯಂತ್ರ ಬಂದು ಎರಡು ಮೂರು ವರ್ಷವಾದರೂ ನನ್ನ ಬಣ್ಣದ ಮೇಲೆ ಒಂದೇ ಒಂದು ದೂರು ಬರಲಿಲ್ಲ. ಅದನ್ನು ನಾನು ಶಾರದಮ್ಮನಿಗೆ ಕೇಳಿಸುವಂತೆ ಆಗಾಗ ಹೇಳುತ್ತಲೂ ಇದ್ದೆ. ಆಕೆ ಬಿಲ್ಲು ಬರೆಯುತ್ತಾ ಸುಮ್ಮನೆ ನಗುತ್ತಿದ್ದರು.

ಆಗ ಬಂದವರು ಬಷೀರ್ ಸಾಬರು. ರೇಷ್ಮೆ ಬಿಚ್ಚಾಣಿಕೆಯವರು, ಅಂದರೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವವರು. ಚಿಕ್ಕಂದಿನಿಂದ ಅದೇ ಕೆಲಸ. ಆ ದುಡಿಮೆಯಲ್ಲೇ ವಯಸ್ಸಾದ ಮೇಲೆ ಸ್ವಂತದ್ದೊಂದು ಮನೆ ಕಟ್ಟಿಸಿದ್ದರು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕೌಂಟರಿನ ಮೇಲೆ ಎರಡು ರೇಷ್ಮೆ ಗೂಡು ಉರುಳಿಸಿದರು.

"ಬಿಳಿ ಗೂಡಿನ ಬಣ್ಣ ಗೋಡೆಗೆ, ಹಳದಿ ಗೂಡಿನ ಬಣ್ಣ ಬಾಗ್ಲು, ಕಿಟಕಿ, ಕೆಳಗಿನ ಪಟ್ಟಿಗೆ. ಈ ಮನೆ ಇವುಗಳದ್ದೇ ಕಣಣ್ಣ, ನಂದೇನೈತೆ ಅದರಲ್ಲಿ. ಮಿಷಿನ್ ಬ್ಯಾಡ. ನಿಮ್ಮ ಕೈಲೇ ಆಗ್ಬೇಕು."

ನನಗೆ ಎದೆ ಉಬ್ಬಿತು. ಅವತ್ತು ಶಾರದಮ್ಮ ಕನಕಪುರದಲ್ಲಿ ನೆಂಟರ ಮಗುವಿನ ನಾಮಕರಣಕ್ಕೆ ಹೋಗಿದ್ದರು. ನಾನು ಊಟಕ್ಕೂ ಹೋಗದೆ ಕೂತು ಕಲಸಿದೆ. ಬಾಗಿಲಿನ ಹಳದಿ ಬೇಗ ಬಂತು. ಗೋಡೆಯ ಬಿಳಿ ಮಾತ್ರ ಸತಾಯಿಸಿತು. ಗೂಡಿನ ಬಿಳಿ ಸುಣ್ಣದ ಬಿಳಿಯಲ್ಲ, ಅದಕ್ಕೊಂದು ಕೆನೆ ಇರುತ್ತದೆ. ಆ ಕೆನೆ ಬರಲೆಂದು ಹಳದಿ ಒಂದು ತೊಟ್ಟು ಬಿಟ್ಟೆ, ಕಾಣಲಿಲ್ಲ. ಇನ್ನೊಂದು ಬಿಟ್ಟೆ, ಆಗಲೂ ಕಾಣಲಿಲ್ಲ. ಹೀಗೇ ಬಿಡುತ್ತಾ ಹೋಗಿ, ಕೊನೆಗೆ ಸರಿಬಂತು ಎನಿಸಿದಾಗ ಮುಚ್ಚಳ ಬಡಿದು ನಾನೇ ಪೇಂಟರ್ ಕೈಗೆ ಕೊಟ್ಟೆ.

ಹದಿನೈದು ದಿನದ ಮೇಲೆ ಬಷೀರ್ ಸಾಬರು ಮತ್ತೆ ಬಂದರು. ಕೂಗಾಡಲಿಲ್ಲ. ಅದೇ ಎರಡು ಗೂಡುಗಳನ್ನು ಅಂಗೈ ಮೇಲಿಟ್ಟುಕೊಂಡು ಮುಂದೆ ಚಾಚಿದರು.

"ಕಿಸ್ನಪ್ಪಣ್ಣ, ಬೇಜಾರು ಮಾಡ್ಕೋಬ್ಯಾಡಿ. ಇದ್ರಲ್ಲಿ ಹಳದಿ ಯಾವ್ದು, ಒಸಿ ತೋರ್ಸಿ."

ಕೌಂಟರಿನ ಮುಂದಿದ್ದ ಗಿರಾಕಿಗಳು ನಕ್ಕರು. ರೇಷ್ಮೆ ಗೂಡಿನ ಊರು ರಾಮನಗರದಲ್ಲಿ ಎರಡು ವರ್ಷದ ಕೂಸೂ ಉತ್ತರ ಹೇಳುವಂಥ ಪ್ರಶ್ನೆ ಅದು. ನಾನೂ ನಗುತ್ತಲೇ ಬಗ್ಗಿ ನೋಡಿದೆ. ಎರಡೂ ಒಂದೇ ಥರ ಇದ್ದವು. ಅಂಗಡಿಯಲ್ಲಿ ಬೆಳಕು ಸಾಲದು ಎಂದು ಅವರ ಕೈ ಹಿಡಿದು ಬಿಸಿಲಿಗೆ ಕರೆದುಕೊಂಡು ಬಂದೆ. ಅಲ್ಲೂ ಎರಡೂ ಒಂದೇ. ಸುಮ್ಮನೆ ಎಡಗಡೆಯದ್ದನ್ನು ಮುಟ್ಟಿದೆ.

"ಅದು ಬಿಳೀದು ಕಣಣ್ಣ" ಎಂದರು ಬಷೀರ್ ಸಾಬರು, ತೀರಾ ಮೆಲ್ಲಗೆ.

ಅಂಗಡಿ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ಬಣ್ಣ ಕಾಣದ ಬಣ್ಣದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಬೇರೆ ಯಾವ ಕೆಲಸ ನನಗೆ ಗೊತ್ತಿದೆ? ನನಗೆ ಭಯವಾಯಿತು. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ. ಶಾರದಮ್ಮ ಒಳಗಿನಿಂದ ನೀರು ತಂದುಕೊಟ್ಟರು. ಬಷೀರ್ ಸಾಬರು ಪಕ್ಕದಲ್ಲೇ ಕೂತು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದರು. ಅವರ ಮನೆಯ ಗೋಡೆ, ಬಾಗಿಲು, ಕಿಟಕಿ, ಪಟ್ಟಿ ಎಲ್ಲವೂ ಒಂದೇ ಹಳದಿಯಾಗಿ ಎಲ್ಲಿ ಬಾಗಿಲು ಎಲ್ಲಿ ಗೋಡೆ ತಿಳಿಯದಂತೆ ಆಗಿತ್ತಂತೆ. "ನಮ್ಮ ಮನೆಯವ್ಳು ಹೇಳ್ತಾಳೆ, ಗೂಡೊಳಗಿರೋ ಹುಳ ಆಗ್ಬುಟ್ವಲ್ರೀ ಅಂತ" ಎಂದು ಅವರೇ ನಗಿಸಲು ನೋಡಿದರು. ಕೂಡಲೇ ಬೇರೆ ಬಣ್ಣ ಕೊಡುತ್ತೇನೆ, ಬಳಿಸಿಕೊಳ್ಳಿ ಎಂದು ಧಣಿ ಹೇಳಿದರೆ ಅವರು ಒಪ್ಪಲಿಲ್ಲ. "ಇವ್ರು ಕಣ್ಣು ತೋರ್ಸ್ಕೊಂಡು ಬರ್ಲಿ. ಕಲ್ಸಿದೋರೇ ಸರಿ ಮಾಡ್ಲಿ" ಎಂದು ಎದ್ದು ಹೋದರು.

ಕಣ್ಣಿನ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದು ಕಂದು ತಿರುಗಿದೆ, ಹಳದಿ ಗಾಜಿನ ಹಿಂದೆ ಕೂತು ಪ್ರಪಂಚ ನೋಡುತ್ತಿದ್ದೀರಿ ಎಂದರು. ಆಪರೇಷನ್ ಆದರೆ ಬಣ್ಣ ಮತ್ತೆ ಕಾಣುತ್ತದೆಯೇ ಎಂದು ನಾನು ಮೂರು ಸಲ ಕೇಳಿದೆ. ಕಾಣುತ್ತದೆ ಎಂದು ಅವರು ಮೂರು ಸಲವೂ ಹೇಳಿದರು. ನನಗೆ ನಂಬಿಕೆ ಬರಲಿಲ್ಲ.

ಮೊದಲ ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು ನೋಡಿದರೆ ಹೆಂಡತಿ ಜಯಮ್ಮ ತಿಳಿನೀಲಿ ಸೀರೆ ಉಟ್ಟು ನಿಂತಿದ್ದಾಳೆ.

"ಯಾವಾಗ ತಗೊಂಡೆ ಈ ಸೀರೆ?"

"ಹೊಸ್ದಾ ಇದು? ಮೂರು ವರ್ಷದಿಂದ ಉಡ್ತಾ ಇವ್ನಿ. ನೀವೇ 'ಬೂದಿ ಬಣ್ಣದ್ದು ಯಾಕೆ ತಂದೆ' ಅಂತ ಬೈದಿದ್ದು ಮರ್ತೋಯ್ತಾ?"

ನಾನು ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು, ಮತ್ತೆ ಅದನ್ನು ಮುಚ್ಚಿ ಇದನ್ನು ತೆರೆದು ಅವಳನ್ನೇ ನೋಡಿದೆ. ಹಳೇ ಕಣ್ಣಿಗೆ ಬೂದಿ, ಹೊಸ ಕಣ್ಣಿಗೆ ನೀಲಿ. ಈ ವಯಸ್ಸಲ್ಲಿ ಕಣ್ಣು ಹೊಡೀತೀರಲ್ಲ ಎಂದು ಜಯಮ್ಮ ಒಳಗೆ ಹೋದಳು. ನಾನು ಹೊರಗೆ ಬಂದು ಆಕಾಶ ನೋಡುತ್ತಾ ಬಹಳ ಹೊತ್ತು ನಿಂತೆ. ಸಂತೋಷಕ್ಕೆ ಅಳು ಬಂತು, ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರಮ್ಮ ಹೇಳಿದ್ದರು, ಅದೂ ನೆನಪಾಗಲಿಲ್ಲ.

ಆದರೆ ಎರಡನೇ ಕಣ್ಣೂ ಆದ ಮೇಲೆ ಬೇರೆ ಚಿಂತೆ ಹತ್ತಿತು. ಮೂರು ವರ್ಷದಿಂದ ಬೂದಿ, ನೀಲಿ, ಬಿಳಿ, ಹಳದಿ ಗೊತ್ತಾಗದೆ ನಾನು ಎಷ್ಟು ಮನೆಗೆ ಬಣ್ಣ ಕಲಸಿದ್ದೇನೆ! ಆ ಮನೆಗಳಲ್ಲಿ ಜನ ವಾಸ ಮಾಡುತ್ತಿದ್ದಾರೆ. ಪಾಪ, ಸಂಕೋಚಕ್ಕೆ ಯಾರೂ ಹೇಳಿಲ್ಲ. ನೆನಪಿದ್ದ ಮನೆಗಳ ಪಟ್ಟಿ ಮಾಡಿಕೊಂಡು ಒಂದೊಂದಾಗಿ ಹೋಗಿ ನೋಡಿ, ತಪ್ಪೊಪ್ಪಿಕೊಂಡು ಬರೋಣ ಎಂದು ಹೊರಟೆ.

ಮೊದಲ ಮನೆಯಲ್ಲಿ ಗೋಡೆ ಸರಿಯಾಗಿತ್ತು. ಎರಡನೆಯದರಲ್ಲೂ ಸರಿಯಾಗಿತ್ತು. ಕುದೂರಿನ ಒಂದು ಮನೆಯವರು ಮಗಳ ಲಂಗದ ಬಣ್ಣ ಕೇಳಿ ಬಂದಿದ್ದರು, ಆ ಲಂಗವನ್ನೇ ತರಿಸಿ ಗೋಡೆಗೆ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಾಗಿಲ ಚೌಕಟ್ಟಿನ ನೀಲಿಯಂತೂ ಕಾರ್ಡಿನಿಂದ ಕತ್ತರಿಸಿ ಅಂಟಿಸಿದಂತಿತ್ತು. ಹತ್ತು ಮನೆ ನೋಡಿದೆ, ಹತ್ತೂ ಸರಿ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಹಳೇ ಜಂಬವೂ ಪಕ್ಕದ ಸೀಟಿನಲ್ಲಿ ಕೂತು ಬಂತು. ಕಣ್ಣು ಹೋದರೂ ಕೈಗೆ ಗೊತ್ತಿತ್ತು ನೋಡು ಎಂದುಕೊಂಡೆ.

ಅಂಗಡಿಗೆ ಕಾಲಿಟ್ಟವನೇ ದೊಡ್ಡ ಗಂಟಲಲ್ಲಿ ಹೇಳಿದೆ. "ಶಾರದಮ್ಮ, ಹತ್ತು ಮನೆ ನೋಡ್ಬಂದೆ. ಒಂದ್ರಲ್ಲೂ ತಪ್ಪಿಲ್ಲ. ಬಷೀರ್ ಸಾಬ್ರದ್ದೊಂದೇ ಕೈ ತಪ್ಪಿದ್ದು. ಪೊರೆ ಬಂದ ಕಣ್ಣೇ ನಿಮ್ಮ ಯಂತ್ರನ ಸೋಲಿಸ್ತಲ್ರಮ್ಮ!"

ಶಾರದಮ್ಮ ತಲೆಯೆತ್ತದೆ ಬಿಲ್ಲು ಬರೆಯುತ್ತಲೇ ಇದ್ದರು. ಧಣಿಗೆ ತಡೆಯಲಾಗಲಿಲ್ಲ.

"ಅಯ್ಯೋ ಕೃಷ್ಣಪ್ಪ, ಅದೆಲ್ಲ ನಮ್ಮ ಶಾರದನ ಬಣ್ಣ ಕಣಯ್ಯ. ನೀನು ಊಟಕ್ಕೆ ಹೋಯ್ತಿದ್ದಂಗೆ ನಿನ್ನ ಡಬ್ಬ ಬಿಚ್ಚಿ, ಚೂರು ಪಕ್ಕದಲ್ಲಿಟ್ಕೊಂಡು, ಕಮ್ಮಿ ಬಿದ್ದದ್ದು ಸೇರ್ಸಿ, ಜಾಸ್ತಿ ಆಗಿದ್ರೆ ಹೊಸ್ದಾಗೇ ಮಾಡಿ, ಮತ್ತೆ ಮುಚ್ಚಿಡೋಳು. ಆ ನಾಮಕರಣದ ದಿನ ಒಂದೇ ಅವ್ಳು ಇರ್ಲಿಲ್ಲ."

"ಸುಮ್ನಿರಣ್ಣ" ಎಂದರು ಶಾರದಮ್ಮ. ಮುಖ ಕೆಂಪಗಾಗಿತ್ತು.

ನನಗೆ ಮೊದಲು ಬಂದದ್ದು ಕೋಪ. ಅದನ್ನು ಮುಚ್ಚಿಡುವುದಿಲ್ಲ. "ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ? ಮೂರು ವರ್ಷ ನನ್ನ ಪೆದ್ದ ಮಾಡಿದ್ರಾ? ಹೇಳಿದ್ರೆ ಆವಾಗ್ಲೇ ಕಣ್ಣು ತೋರಿಸ್ತಿರ್ಲಿಲ್ವಾ?"

"ಹೇಳಿದ್ದೆ ಕಣಣ್ಣ. ಮೊದಲ್ನೇ ಸಲ ಗೊತ್ತಾದಾಗ್ಲೇ ಹೇಳ್ದೆ. 'ಇದು ಒಸಿ ಹಳದಿ ಜಾಸ್ತಿ ಆಗಿಲ್ವಾ' ಅಂತ. ಅಂಗಡಿ ತುಂಬ ಜನ ಇದ್ರು. 'ಗುಂಡಿ ಒತ್ತೋರು ಗುಂಡಿ ಒತ್ಕೊಂಡಿರ್ಬೇಕು' ಅಂದ್ರಿ. ಆಮೇಲೆ ಹೆಂಗೆ ಹೇಳ್ಲಿ?"

ಅಂದದ್ದು ನಿಜ. ಕೂಡಲೇ ನೆನಪಾಯಿತು. ಎಲ್ಲರೂ ನಕ್ಕಿದ್ದರು, ಆಕೆಯೂ ನಕ್ಕಂತೆ ಮಾಡಿ ಬಿಲ್ಲಿನ ಪುಸ್ತಕ ತೆಗೆದುಕೊಂಡು ಒಳಗೆ ಹೋಗಿದ್ದರು. ನಾನದನ್ನು ಸಂಜೆಯೊಳಗೆ ಮರೆತಿದ್ದೆ. ಆಮೇಲೂ ಆಕೆ ದಿನವೂ ತಮ್ಮ ಊಟದ ಹೊತ್ತಿನಲ್ಲಿ ನನ್ನ ಡಬ್ಬ ಬಿಚ್ಚಿದ್ದರು. ನನಗೆ ಕೂತಲ್ಲಿ ಕೂರಲಾಗದಷ್ಟು ನಾಚಿಕೆಯಾಯಿತು. ತಪ್ಪಾಯ್ತು ಎನ್ನಬೇಕಿತ್ತು. "ನಾಳೆ ಬಷೀರ್ ಸಾಬ್ರ ಮನೆಗೆ ಹೋಗ್ಬೇಕು. ನೀವೂ ಬನ್ನಿ" ಎಂದಷ್ಟೇ ಹೇಳಿದೆ.

ಮರುದಿನ ಬಿಳಿಯ ಡಬ್ಬಗಳು, ಸ್ಟೇನರ್ ಬಾಟಲಿಗಳು, ಕೋಲು ಎಲ್ಲ ಹೊತ್ತು ಹೋದೆವು. ನಾನು ಮಾಡಿಟ್ಟ ಘನಕಾರ್ಯವನ್ನು ಹೊಸ ಕಣ್ಣಿನಿಂದ ಆಗಲೇ ಮೊದಲು ನೋಡಿದ್ದು. ಅಡಿಯಿಂದ ಮುಡಿಯವರೆಗೆ ಹಳದಿ. ಬಷೀರ್ ಸಾಬರ ಹೆಂಡತಿ ಚಹಾ ತಂದಾಗ ಗೋಡೆಯೊಳಗಿನಿಂದ ಬಂದ ಹಾಗಿತ್ತು. ಮೂರು ತಿಂಗಳು ಆ ದಂಪತಿ ನನಗಾಗಿ ಹಾಗೇ ಇದ್ದರು. ಬಾಗಿಲು ಕಿಟಕಿ ಪಟ್ಟಿಯ ಹಳದಿ ಸರಿಯಾಗೇ ಬಂದಿತ್ತು, ಬದಲಾಗಬೇಕಿದ್ದದ್ದು ಗೋಡೆ ಮಾತ್ರ.

ಅಂಗಳದಲ್ಲಿ ಕೂತು ಬಿಳಿ ಗೂಡನ್ನು ಮಂಡಿ ಮೇಲಿಟ್ಟುಕೊಂಡು ಕಲಸತೊಡಗಿದೆ. ಹಳದಿ ಒಂದೇ ತೊಟ್ಟು. ಕಪ್ಪು, ಕಡ್ಡಿಯ ತುದಿಯಲ್ಲಿ ಮುಟ್ಟಿಸಿದಷ್ಟು. ಪ್ರತಿ ತೊಟ್ಟೂ ಬಿದ್ದದ್ದು, ಸುರುಳಿ ಸುತ್ತಿದ್ದು, ಕರಗಿದ್ದು ನನಗೆ ಕಂಡಿತು. ಗೋಡೆಯ ಮೇಲೆ ಗೇಣಗಲ ಬಳಿದು ಒಣಗಲು ಬಿಟ್ಟು, ಗೂಡನ್ನು ಅದಕ್ಕೆ ಹಿಡಿದು ನೋಡಿದೆ. ಸರಿಯಾಗಿದೆ ಅನ್ನಿಸಿತು. ಬಷೀರ್ ಸಾಬರು "ಶುರು ಮಾಡ್ಸ್ಲಾ?" ಎಂದು ಪೇಂಟರನ್ನು ಕರೆದರು.

ನಾನು ತಡೆದೆ. ಗೂಡನ್ನು ಶಾರದಮ್ಮನ ಕೈಗಿಟ್ಟೆ.

"ನೋಡಿಯಮ್ಮ, ಸರಿಯಾಗೈತಾ?"

ಇಷ್ಟು ವರ್ಷದಲ್ಲಿ ಈ ಮಾತನ್ನು ನಾನು ಯಾರನ್ನೂ ಕೇಳಿರಲಿಲ್ಲ. ಆಕೆ ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಗೋಡೆಯ ಹತ್ತಿರ ಹೋದರು, ಹಿಂದೆ ಸರಿದರು, ಗೂಡನ್ನು ತಿರುಗಿಸಿ ಹಿಡಿದರು, ಕಿಟಕಿಯ ಕದ ತೆಗೆದು ಬೆಳಕು ಬಿಟ್ಟುಕೊಂಡು ಇನ್ನೊಮ್ಮೆ ನೋಡಿದರು.

"ಒಸಿ ಕಪ್ಪು ಜಾಸ್ತಿ ಆಗೈತೆ ಕಣಣ್ಣ" ಎಂದರು.

ನಾನು ಹೋಗಿ ಪಕ್ಕದಲ್ಲಿ ನಿಂತು ನೋಡಿದೆ. ಹೌದು, ಜಾಸ್ತಿಯಾಗಿತ್ತು. ಅಂಗಳಕ್ಕೆ ಬಂದು ಇನ್ನೊಂದು ಡಬ್ಬ ಬಿಳಿ ತೆರೆದೆ.